ಅಪ್ಪನ ಜೊತೆಗೆ ಹೋಗುವವಳು

ಭಾನುವಾರ ಬೆಳಗ್ಗೆ ಮಗಳ ತಲೆ ಬಾಚುವುದು ಅಮ್ಮನಿಗೆ ವಾರದಲ್ಲಿ ನಿಧಾನವಾಗಿ ಮಾಡಲು ಸಿಗುವ ಒಂದೇ ಕೆಲಸ. ಉಳಿದ ದಿನಗಳಲ್ಲಿ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಸೌಟು. ಶಾಲೆಯ ವ್ಯಾನು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯುವಷ್ಟರಲ್ಲಿ ಜಡೆಗೆ ರಿಬ್ಬನ್ ಬಿದ್ದರೆ ಅದೇ ಪುಣ್ಯ. ಭಾನುವಾರ ಹಾಗಲ್ಲ. ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಅಮ್ಮ ಕೂರುತ್ತಾಳೆ, ಒಂದು ಮೆಟ್ಟಿಲು ಕೆಳಗೆ ಮಗಳು. ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಾರೆ. ಎದ್ದಾಗಿನಿಂದ ಮಲಗುವ ತನಕ ಚಿಲಿಪಿಲಿ ನಿಲ್ಲುವುದಿಲ್ಲವೆಂದು ಅಜ್ಜಿ ಇಟ್ಟ ಹೆಸರು ಅದು.

ಆ ದಿನ ಮಾತ್ರ ಗುಬ್ಬಿ ತುಟಿ ಬಿಚ್ಚಿರಲಿಲ್ಲ. ನಿದ್ದೆ ಸಾಲದೆ ಇರಬೇಕೆಂದು ಅಮ್ಮನೂ ಸುಮ್ಮನಿದ್ದಳು. ಬಲಗಡೆಯ ಜಡೆ ಮುಗಿಸಿ ಎಡಗಡೆಗೆ ಬಂದಾಗ ಬಾಚಣಿಗೆ ಏನಕ್ಕೋ ಸಿಕ್ಕಿಕೊಂಡಿತು. ಬೆರಳಿನಿಂದ ಬಿಡಿಸಿದಳು. ಕೈಗೆ ಬಂದದ್ದು ಕಲ್ಲುಸಕ್ಕರೆಯ ಚೂರಿನಂಥ ಒಂದು ಹರಳು.

"ಇದೇನೇ, ಸಕ್ಕರೆ ಡಬ್ಬಕ್ಕೆ ತಲೆ ಹಾಕಿದ್ಯಾ?" ಎಂದು ನಗುತ್ತಲೇ ಅದನ್ನು ಬೆಳಕಿಗೆ ಹಿಡಿದಳು. ಸಕ್ಕರೆ ಹಾಗೆ ಹೊಳೆಯುವುದಿಲ್ಲ. ಕೂದಲನ್ನು ಪದರ ಪದರವಾಗಿ ಬಿಡಿಸಿದರೆ ಕಿವಿಯ ಹಿಂದೆ ಇನ್ನೊಂದು, ಕತ್ತಿನ ಬುಡದಲ್ಲಿ ಮತ್ತೊಂದು. ಗಾಜು.

ಎಲ್ಲಿಂದ ಬಂತೆಂದು ಕೇಳಿದಳು. ಗುಬ್ಬಿ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತಳು. ಇನ್ನೊಮ್ಮೆ ಕೇಳಿದಾಗ ಆ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು.

ಭಾನುವಾರ ಮುಖದ ಮೇಲೆ ಬಿಸಿಲು ಬೀಳುವ ತನಕ ಏಳದ ಅಪ್ಪ, ಇವತ್ತು ಎಲ್ಲರಿಗಿಂತ ಮೊದಲು ಎದ್ದು ಹಾಲು ತರುತ್ತೇನೆಂದು ಹೋಗಿದ್ದ. ಹೋಗಿ ಬಹಳ ಹೊತ್ತಾಗಿತ್ತು. ಹಾಲಿನ ಅಂಗಡಿ ಇರುವುದು ಮೂಲೆಯಲ್ಲೇ. ಅಮ್ಮ ಬಾಚಣಿಗೆಯನ್ನು ಮಗಳ ಕೂದಲಲ್ಲೇ ಬಿಟ್ಟು ಎದ್ದಳು.

ಹಿತ್ತಲ ಓಣಿಯಲ್ಲಿ ಕಾರು ನಿಂತಿತ್ತು. ಅದರ ಮೇಲೆ ನೀಲಿ ಟಾರ್ಪಾಲು. ಕೊಂಡಾಗಿನಿಂದ ಆ ಹಳೇ ಕಾರಿಗೆ ಬಿಸಿಲು, ಧೂಳು, ಕಾಗೆಯ ಹಿಕ್ಕೆ ಎಲ್ಲವೂ ಸಲ್ಲುತ್ತಿದ್ದವು. ಯಾರೂ ಹೊದಿಕೆ ಹೊದಿಸಿದ್ದಿಲ್ಲ. ಅಮ್ಮ ಒಂದು ತುದಿ ಹಿಡಿದು ಎಳೆದಳು.

ಗುಬ್ಬಿ ಕೂರುವ ಕಡೆಯ ಕಿಟಕಿಗೆ ಗಾಜೇ ಇರಲಿಲ್ಲ. ಬಾಗಿಲು ಉದ್ದಕ್ಕೂ ಗೀಚಿಹೋಗಿತ್ತು. ಹೊರಗೆ ಕಾಣಲೆಂದು ಅವಳಿಗಾಗಿ ಇಟ್ಟಿದ್ದ ದಿಂಬು ಸೀಟಿನ ಮೇಲೆ ಹಾಗೇ ಇತ್ತು. ಸೀಟಿನ ಬೆನ್ನಿನಲ್ಲಿ, ಆ ದಿಂಬಿನ ಮೇಲೆ ಕೂತರೆ ಗುಬ್ಬಿಯ ಕಿವಿ ಬರುವ ಎತ್ತರದಲ್ಲಿ, ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಆ ಎತ್ತರ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಅವಳ ಕೈ ಬಾಚುವ ಎತ್ತರವದು.

*

ಅಪ್ಪ ಲಿಫ್ಟ್ ಮೆಕ್ಯಾನಿಕ್. ಕಚೇರಿಗಳ, ದೊಡ್ಡ ಮನೆಗಳ ಲಿಫ್ಟುಗಳನ್ನು ತಪಾಸಣೆ ಮಾಡುವುದು ಅವನ ಕೆಲಸ. ಅದರಲ್ಲಿ ಅವನಂಥ ಕಟ್ಟುನಿಟ್ಟಿನವನು ಇನ್ನೊಬ್ಬನಿಲ್ಲ. ಉಕ್ಕಿನ ಹಗ್ಗದಲ್ಲಿ ಒಂದೆಳೆ ಸವೆದಿದ್ದರೂ ಲಿಫ್ಟ್ ನಿಲ್ಲಿಸಿ, 'ಮುಟ್ಟಬೇಡಿ' ಎಂದು ಬರೆದ ಹಳದಿ ಬೋರ್ಡು ತಗುಲಿಸಿಬಿಡುತ್ತಿದ್ದ. ಮಾಲೀಕರು ಬೈದರೂ ಅಷ್ಟೆ, ಬೇಡಿಕೊಂಡರೂ ಅಷ್ಟೆ. ಬೋರ್ಡು ತಗುಲಿಸಿದವನೇ ಅದನ್ನು ತೆಗೆಯಬೇಕು, ಬೇರೆ ಯಾರೂ ಕೈ ಹಾಕುವಂತಿಲ್ಲ ಎಂಬುದು ಅವರ ಕೆಲಸದ ನಿಯಮ. ಗುಬ್ಬಿಗೂ ಅದು ಬಾಯಿಪಾಠವಾಗಿತ್ತು. ತನ್ನ ತಿಂಡಿ ಡಬ್ಬಿಯ ಮೇಲೂ ಅಂಥದ್ದೊಂದು ಚೀಟಿ ಅಂಟಿಸಿಕೊಂಡಿದ್ದಳು.

ಶನಿವಾರ ಮಾತ್ರ ಅವನು ಬೇರೆ ಮನುಷ್ಯ. ಊರಿನ ಆಚೆ ತುದಿಯಲ್ಲಿ ಸೂಪರ್‌ವೈಸರ್ ಮನೆ. ಸಂಜೆ ಜೊತೆಯ ಕೆಲಸಗಾರರೆಲ್ಲ ಅಲ್ಲಿ ಸೇರುತ್ತಿದ್ದರು. ಊಟ, ಹಾಡು, ಅದರ ಜೊತೆಗೆ ಕುಡಿತ. ಅವನು ಬರುವ ತನಕ ಅಮ್ಮ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಆಂಬುಲೆನ್ಸಿನ ಸದ್ದು ಕೇಳಿದರೆ ಅದು ಯಾವ ದಿಕ್ಕಿಗೆ ಹೋಯಿತೆಂದು ಕಿವಿ ನಿಗುರಿಸುತ್ತಿದ್ದಳು. ಜೊತೆಗೆ ಹೋಗೋಣವೆಂದರೆ, ಅತ್ತೆಗೆ ಸೊಂಟ ಮುರಿದ ಮೇಲೆ ಯಾರಾದರೂ ಮನೆಯಲ್ಲಿರಲೇಬೇಕು. ಹೇಳಿ ನೋಡಿದಳು, ಅತ್ತು ನೋಡಿದಳು, ಮಾತು ಬಿಟ್ಟು ನೋಡಿದಳು. ಕೊನೆಗೊಂದು ಶನಿವಾರ ಅವಳಿಗೇ ಒಂದು ಉಪಾಯ ಹೊಳೆಯಿತು. "ಗುಬ್ಬಿನೂ ಕರ್ಕೊಂಡು ಹೋಗಿ," ಅಂದಳು. ಮಗು ಪಕ್ಕದಲ್ಲಿದ್ದರೆ ಗ್ಲಾಸು ಹಿಡಿಯುವ ಕೈ ಹಿಂಜರಿಯುತ್ತದೆ, ಸ್ಟೀರಿಂಗ್ ಹಿಡಿಯುವ ಕೈ ಹುಷಾರಾಗಿರುತ್ತದೆ.

ಕರು ಜೊತೆಗಿದ್ದರೆ ಹಸು ದಾರಿ ತಪ್ಪುವುದಿಲ್ಲ ಎಂದು ಹಾಸಿಗೆಯಿಂದಲೇ ಅತ್ತೆ ತಲೆದೂಗಿದ್ದರು. ಮೊದಲ ಸಲ ಅಪ್ಪ ಬೇಗ ಬಂದ, ವಾಸನೆಯೂ ಅಷ್ಟಿರಲಿಲ್ಲ. ಆ ದಿನ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಆಮೇಲೆ ಪ್ರತಿ ಶನಿವಾರವೂ ಗುಬ್ಬಿಗೆ ಸ್ವೆಟರ್ ತೊಡಿಸಿ ಕಳಿಸುವುದು ರೂಢಿಯಾಯಿತು. ಎಷ್ಟು ಕುಡಿದ, ಹೇಗೆ ಓಡಿಸಿದ ಎಂದು ಅವಳು ಮಗಳನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

*

ಓಣಿಯ ಆಚೆಯಿಂದ ಅಪ್ಪ ಬಂದ. ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಟಾರ್ಪಾಲು ನೆಲದಲ್ಲಿ ಬಿದ್ದಿರುವುದನ್ನು ನೋಡಿ ಹೆಜ್ಜೆ ನಿಧಾನವಾಯಿತು.

ಗಾಜು ಹಾಕುವವನ ಅಂಗಡಿ ಮಧ್ಯಾಹ್ನ ತೆರೆಯುತ್ತದಂತೆ, ಸಂಜೆಗೆ ಹೊಸದು ಕೂರಿಸಿ ಕೊಡುತ್ತಾನಂತೆ ಎಂದು, ಯಾರೋ ಕೇಳಿದ್ದಕ್ಕೆ ಹೇಳುವವನಂತೆ ಶುರುಮಾಡಿದ. ಅಮ್ಮ ಹರಿದ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದಳು. ಅವನ ಮಾತು ತಾನಾಗಿಯೇ ಮುಂದಕ್ಕೆ ಹರಿಯಿತು. ರಸ್ತೆಯ ಬದಿಯಲ್ಲಿ ದೀಪವಿಲ್ಲದೆ ಒಂದು ಲಾರಿ ನಿಲ್ಲಿಸಿದ್ದರು. ಅದರಿಂದ ಕಬ್ಬಿಣದ ಪೈಪುಗಳು ಹೊರಗೆ ಚಾಚಿಕೊಂಡಿದ್ದವು. ಹಾಗೆ ನಿಲ್ಲಿಸುವುದು ತಪ್ಪಲ್ಲವೇ? ಒಂದು ಪೈಪು ತಗುಲಿತು, ಅಷ್ಟೆ. ಗುಬ್ಬಿ ಅವನ ಕಡೆಗೆ ವಾಲಿ ಮಲಗಿದ್ದಳು, ಅವಳಿಗೆ ಒಂದು ಗೀರೂ ಆಗಿಲ್ಲ.

"ಯಾವಾಗ್ಲೂ ಕಿಟಕಿಗೆ ಒರಗಿ ಮಲಗ್ತಾಳೆ ಅವಳು," ಅಂದಳು ಅಮ್ಮ.

ಅಪ್ಪ ಹಾಲಿನ ಪ್ಯಾಕೆಟ್ಟನ್ನು ಕೈಯಿಂದ ಕೈಗೆ ಬದಲಿಸಿಕೊಂಡ. ತಾನು ಹಾದಿಬೀದಿಯ ಕುಡುಕನಲ್ಲ, ವಾರವೆಲ್ಲ ಅದರ ವಾಸನೆಯನ್ನೂ ನೋಡುವುದಿಲ್ಲ ಅಂದ. ಆ ಮನೆಗೆ ಹೋಗದಿದ್ದರೆ ಹೊಸ ಕಟ್ಟಡಗಳ ಕೆಲಸ ಬೇರೆಯವರ ಪಾಲಾಗುತ್ತದೆ, ಹೋಗಿ ಬರೀ ನೀರು ಕುಡಿದು ಕೂತರೆ ದೊಡ್ಡ ಸಾಧು ಬಂದ ಎಂದು ಆಡಿಕೊಳ್ಳುತ್ತಾರೆ ಅಂದ. ಅದರಲ್ಲಿ ಸುಳ್ಳಿರಲಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು.

"ಕುಡಿದು ಲಿಫ್ಟಿನ ಹಗ್ಗ ಮುಟ್ತೀರಾ?"

"ಅದು ಹೇಗಾಗುತ್ತೆ? ಒಳಗೆ ಜನ ಇರ್ತಾರೆ."

"ಕಾರಲ್ಲಿ ಯಾರಿದ್ರು?"

ಅವನು ಮೂಲೆಗೆ ಸಿಕ್ಕಿದವನ ಹಾಗೆ, "ಕಳಿಸಿದವಳು ನೀನೇ ತಾನೆ?" ಅಂದ.

"ನೀವು ಕುಡೀಬಾರದು ಅಂತ ಕಳಿಸಿದೆ ನಾನು," ಅಂದಳು ಅಮ್ಮ. ಅಂದವಳು ಅವನ ಮುಖ ಬಿಟ್ಟು ಬೇರೆಲ್ಲೋ ನೋಡಿದಳು.

ಹಿಂದೆ ಚಪ್ಪಲಿಯ ಸದ್ದಾಯಿತು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು, ಅದರಲ್ಲಿ ನೇತಾಡುವ ಬಾಚಣಿಗೆ. ಗುಬ್ಬಿ ಇಬ್ಬರ ನಡುವೆ ಬಂದು ನಿಂತಳು.

"ಅಪ್ಪನ್ನ ಬೈಬೇಡ ಅಮ್ಮ. ತಪ್ಪು ನಂದು. ನಾನು ಮಲಗಿಬಿಟ್ಟೆ."

ಅಪ್ಪ, ಅಮ್ಮ ಇಬ್ಬರೂ ಅವಳ ಕಡೆ ತಿರುಗಿದರು. ಗುಬ್ಬಿ, ಶಾಲೆಯಲ್ಲಿ ಟೀಚರ್ ಎದುರು ಹೇಳುವ ಹಾಗೆ ಕೈಕಟ್ಟಿ, ತನ್ನ ಕೆಲಸವೇನೆಂದು ಹೇಳಿದಳು. ಬರುವಾಗ ಅಪ್ಪನಿಗೆ ಕಣ್ಣು ಎಳೆಯುತ್ತದೆ. ಅದಕ್ಕೆ ಅವಳು ಒಗಟು ಕೇಳುತ್ತಿರಬೇಕು. ಅಪ್ಪ ಉತ್ತರ ಹೇಳಿದರೆ ಎಚ್ಚರವಿದ್ದಾನೆಂದು ಅರ್ಥ, ಹೇಳದಿದ್ದರೆ ತೋಳು ಚಿವುಟಬೇಕು. ಪೊಲೀಸರು ಕಂಡರೆ ಮಾತ್ರ ಕಣ್ಣು ಮುಚ್ಚಿ ಮಲಗಿದ ಹಾಗೆ ನಟಿಸಬೇಕು. ಒಂದು ಸಲ ನಿಜವಾಗಿಯೂ ಮಲಗಿದ್ದಾಗ ಪೊಲೀಸು ಬಗ್ಗಿ ನೋಡಿ, ಮಗು ಮಲಗಿದೆ, ಹೋಗಿ ಸಾರ್ ಎಂದು ಬಿಟ್ಟುಬಿಟ್ಟಿದ್ದನಂತೆ. ಅಂದಿನಿಂದ ಅವರು ಅಪ್ಪನಿಂದ ಮೆಷಿನ್ನು ಊದಿಸುವುದೇ ಇಲ್ಲವಂತೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ನಿನ್ನೆ ಹೊಸ ಒಗಟು ಕೇಳಿದೆ. ಮನೆಯೊಳಗೊಂದು ಪುಟ್ಟ ಮನೆ, ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಬೀದಿಗೆ ಮಾತ್ರ ಬರಲ್ಲ, ಏನದು? ಅಪ್ಪಂಗೆ ಗೊತ್ತಾಗಲೇ ಇಲ್ಲ. ಚಿವುಟಬೇಕಿತ್ತು. ಉತ್ತರ ಹೇಳ್ತಾನೆ, ಹೇಳ್ತಾನೆ ಅಂತ ಕಾಯ್ತಾ ನಂಗೇ ನಿದ್ದೆ ಬಂತು. ಅದಕ್ಕೇ ಹಾಗಾಯ್ತು."

ಓಣಿಯಲ್ಲಿ ಯಾರದೋ ಮನೆಯ ನಲ್ಲಿ ಬಕೆಟ್ಟಿಗೆ ಸುರಿಯುತ್ತಿತ್ತು. ದಿನವಿಡೀ ಲಿಫ್ಟಿನ ಒಳಗೇ ಬದುಕುವ ಅಪ್ಪ, ಕಾರಿನ ಬಾಗಿಲಿಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತ. ಗುಬ್ಬಿ ಹೆದರಿ ಅವನ ತೋಳು ಹಿಡಿದುಕೊಂಡಳು. ಅವನು ಅಳುತ್ತಿರಲಿಲ್ಲ. ಅವಳ ಆ ಬೆರಳುಗಳನ್ನೇ ನೋಡುತ್ತಿದ್ದ.

"ನಿಂದಲ್ಲ ಕಂದ," ಅಂದ.

ಒಳಗಿನಿಂದ ಅಜ್ಜಿ, ಮೂರು ಜನ ಓಣಿಯಲ್ಲಿ ನಿಂತು ಹಾಲನ್ನು ಮೊಸರು ಮಾಡುತ್ತಿದ್ದೀರಾ ಎಂದು ಕೂಗಿ ಕೇಳಿದರು. ಯಾರೂ ನಗಲಿಲ್ಲ. ಅಪ್ಪ ಎದ್ದು ಪ್ಯಾಕೆಟ್ಟನ್ನು ಅಮ್ಮನ ಕೈಗಿತ್ತು ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಕೆಲಸದ ಚೀಲದಲ್ಲಿರುತ್ತಿದ್ದ ಹಳದಿ ಬೋರ್ಡು ಇತ್ತು. ಗುಬ್ಬಿಯ ಮುಂದೆ ಮೊಣಕಾಲೂರಿ ಕೂತು ಅದನ್ನು ಚಾಚಿದ.

"ತಗೋ, ಸ್ಟೀರಿಂಗಿಗೆ ನೀನೇ ತಗುಲಿಸು. ನೀನು ತೆಗೆಯೋ ತನಕ ನಾನು ಕಾರು ಮುಟ್ಟಲ್ಲ."

ಗುಬ್ಬಿಯ ಮುಖ ಅರಳಿತು. ಅವಳು ಎರಡೂ ಕೈ ಚಾಚಿದಾಗ ಅಮ್ಮ ನಡುವೆ ಬಂದಳು.

"ಅವಳ ಕೈಗೆ ಬೇಡ ರೀ. ಇಷ್ಟು ದಿನ ಅವಳು ನಿಮ್ಮನ್ನ ಕಾದಿದ್ದು ಸಾಕು. ನೀವೇ ಹಾಕಿ."

ಅಪ್ಪ ಕಾರಿನೊಳಕ್ಕೆ ಬಗ್ಗಿ ಬೋರ್ಡನ್ನು ಸ್ಟೀರಿಂಗಿಗೆ ತಗುಲಿಸಿದ. ತಂತಿಯನ್ನು ಎರಡು ಸುತ್ತು ತಿರುಚಿದ, ಲಿಫ್ಟಿಗೆ ಮಾಡುವ ಹಾಗೆಯೇ ಒಮ್ಮೆ ಎಳೆದು ನೋಡಿದ. ಸೂಪರ್‌ವೈಸರಿಗೆ ಫೋನು ಮಾಡಿ, ಇನ್ನು ಮೇಲೆ ಗುಬ್ಬಿ ಬರುವುದಿಲ್ಲ, ತಾನು ಬಂದರೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುವುದು ಅಂದ. ಆ ಕಡೆಯಿಂದ ಏನೋ ನಗೆಚಾಟಿಕೆ ಕೇಳಿಸಿತು. ಆಗಲಿ ಸಾರ್, ಸಾಧುನೇ ಅಂತ ಇಟ್ಕೊಳ್ಳಿ ಅಂದು ಫೋನು ಇಟ್ಟ. ಲಾರಿಯವನು ಇನ್ನೂ ಅಲ್ಲೇ ಇದ್ದಾನೋ ನೋಡಿ, ಏನಾಯಿತೆಂದು ಹೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡ. ದೂರವಿತ್ತು. ನಡೆದೇ ಹೊರಟ.

*

ಹಾಲು ಕಾಯಿಸಿ, ಅತ್ತೆಗೆ ಲೋಟದಲ್ಲಿ ಕೊಟ್ಟು, ಅಮ್ಮ ಮತ್ತೆ ಹೊಸ್ತಿಲ ಮೇಲೆ ಬಂದು ಕೂತಳು. ಗುಬ್ಬಿ ಒಂದು ಮೆಟ್ಟಿಲು ಕೆಳಗೆ. ಪಕ್ಕದಲ್ಲಿ ಒಂದು ಸ್ಟೀಲು ತಟ್ಟೆ. ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಸಿಕ್ಕ ಚೂರುಗಳನ್ನು ಅಮ್ಮ ತಟ್ಟೆಗೆ ಹಾಕುತ್ತಿದ್ದಳು. ಒಂದೊಂದು ಬಿದ್ದಾಗಲೂ ಟಿಣ್ ಎನ್ನುತ್ತಿತ್ತು. ಮುಂದಿನ ಶನಿವಾರ ಏನಾಗುತ್ತದೋ ಅವಳಿಗೆ ತಿಳಿಯದು. ಬಸ್ಸಿನಲ್ಲಿ ಹೋದವನು ಕುಡಿಯುವುದಿಲ್ಲವೆಂದೇನೂ ಇಲ್ಲ. ಆದರೂ ಎಷ್ಟೋ ವರ್ಷಗಳಿಂದ ಹೇಳಿದರೂ ತಟ್ಟದಿದ್ದುದನ್ನು ಇವತ್ತು ಅವನಿಗೆ ತಟ್ಟುವಂತೆ ಹೇಳಿದ್ದಳು. ಮೈ ಹಗುರಾದಂತಿತ್ತು. ಹೇಳಬೇಕಾದ್ದೆಲ್ಲ ಹೇಳಿ ಮುಗಿಯಿತು ಅಂದುಕೊಂಡಳು.

ಗುಬ್ಬಿ ತಟ್ಟೆಯ ಕಡೆ ನೋಡುತ್ತಿದ್ದಳು. ಏನನ್ನೋ ಕೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚುತ್ತಿದ್ದಳು. ಹಿಂದಿನಿಂದ ನೋಡುವ ಅಮ್ಮನಿಗೆ ಕಾಣುತ್ತಿದ್ದದ್ದು ಅವಳ ದವಡೆಯ ಚಲನೆಯಷ್ಟೆ. ಎಷ್ಟೋ ಶನಿವಾರ, ಸ್ವೆಟರಿನ ಗುಂಡಿ ಹಾಕುವಾಗಲೂ ಆ ದವಡೆ ಹೀಗೆಯೇ ಅಲುಗುತ್ತಿದ್ದದ್ದು ಅವಳಿಗೆ ನೆನಪಾಯಿತು.

"ಏನೇ?"

"ಅಪ್ಪ ಒಬ್ಬನೇ ಹೋದ್ರೆ ನಿಂಗೆ ಭಯ ಆಗ್ತಿತ್ತು, ಅಲ್ವಾ ಅಮ್ಮ?"

"ಹೂಂ ಕಂದ. ತುಂಬಾ ಭಯ ಆಗ್ತಿತ್ತು."

ಅಮ್ಮ ಕೂದಲನ್ನು ಮೂರು ಕಾಲು ಮಾಡಿ ಹೆಣೆಯತೊಡಗಿದಳು. ಒಂದು ಹೆಣಿಗೆ, ಇನ್ನೊಂದು. ಗುಬ್ಬಿ ತಲೆ ತಿರುಗಿಸಿದಳು. ಜಡೆ ಅಮ್ಮನ ಕೈಯಿಂದ ಜಾರಿ ಬಿಚ್ಚಿಕೊಂಡಿತು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಉತ್ತರ ಗೊತ್ತಿಲ್ಲದ ಒಗಟನ್ನು ಕೇಳುವ ಹಾಗೆ ಕೇಳಿದಳು:

"ಮತ್ತೆ ನನ್ನ ಅವನ ಜೊತೆ ಕಳಿಸುವಾಗ ಭಯ ಆಗ್ತಿರಲಿಲ್ವಾ?"