ಮೂರನೇ ಕೀ

ಕಾರಿನ ಬಾಗಿಲು ತನಗೆ ಮನಸ್ಸು ಬಂದಾಗ ಮಾತ್ರ ತೆರೆಯುವ ಹಠಕ್ಕೆ ಬಿದ್ದು ವಾರವಾಗಿತ್ತು. ಕೀ ಹಿಡಿದು ಪಕ್ಕದಲ್ಲೇ ನಿಂತರೂ ಮುಖಪರಿಚಯವೇ ಇಲ್ಲದವರ ಹಾಗೆ ಸುಮ್ಮನಿರುತ್ತಿತ್ತು. ಕೀ ಹತ್ತಿರ ಬಂದದ್ದನ್ನು ಗುರುತು ಹಿಡಿಯುವ ಪುಟ್ಟ ಡಬ್ಬಿಯೊಂದು ಒಳಗಿರುತ್ತದಲ್ಲ, ಆ ಮಾಡ್ಯೂಲ್ ಕೈಕೊಟ್ಟಿದೆ, ಹೊಸದೇ ಹಾಕಬೇಕು ಎಂದ ಗಾಡಿ ಎಲೆಕ್ಟ್ರಿಷಿಯನ್. ಬೆಲೆ ಕೇಳಿ ಆಕೆಗೆ ತಲೆ ಗಿರ್ರೆಂದಿತು. ಬೇರೆ ದಾರಿಯಿಲ್ಲದೆ ಕೊಂಡಳು.

ಲಾಕ್ ಎಂಬ ಮಾತು ಬಂದರೇ ಆಕೆಯ ಎದೆ ಧಸಕ್ಕೆನ್ನುತ್ತಿತ್ತು. ಎರಡು ವರ್ಷದ ಹಿಂದೆ ಆಕೆ ಹೆಸರು ಮಾಡಿದ ಫೋಟೋಗ್ರಾಫರ್. ಒಂದು ಮದುವೆಗೆ ಹೊರಟ ಬೆಳಗ್ಗೆ ನೋಡಿದರೆ, ಮನೆ ಮುಂದೆ ನಿಂತಿದ್ದ ಕಾರಿನಿಂದ ಎರಡು ಕ್ಯಾಮೆರಾ, ಲೆನ್ಸು, ಎಲ್ಲ ಮಾಯ. ಗಾಜು ಒಡೆದಿಲ್ಲ, ಬಾಗಿಲಿಗೆ ಒಂದು ಗೀರೂ ಇಲ್ಲ. ಎರಡು ಕೀಗಳೂ ಆಕೆಯ ಬ್ಯಾಗಿನಲ್ಲೇ ಇವೆ. ಅಂದಮೇಲೆ ಲಾಕ್ ಮಾಡುವುದನ್ನೇ ಮರೆತಿದ್ದಾಳೆ, ಇನ್ನೇನು! ಅತ್ತೆ ಮರೆಗುಳಿ ಎಂದು ಹೆಸರಿಟ್ಟರು. ಮದುವೆಯವರು ಬಾಯಿಗೆ ಬಂದಂತೆ ಬೈದರು. ಹೆತ್ತ ತಾಯಿಯೂ ಬಿಡಲಿಲ್ಲ. ಗಂಡನೊಬ್ಬನೇ ಒಂದು ಬಿರುಸು ಮಾತಾಡಲಿಲ್ಲ. ತಲೆ ಸವರಿ, ಹೋಗಲಿ ಬಿಡು, ಯಾರಿಗಾದರೂ ಆಗುತ್ತದೆ, ಇನ್ನು ಅಲೆದಾಟ ಸಾಕು, ನಮ್ಮ ಪೇಂಟ್ ಅಂಗಡಿಯಲ್ಲೇ ಕೂತುಕೋ ಎಂದ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡು ಆಕೆ ಕೂತಳು. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ತನ್ನ ಮೇಲೆ ತನಗೇ ನಂಬಿಕೆ ಹೊರಟುಹೋಗಿತ್ತು.

ಎಲೆಕ್ಟ್ರಿಷಿಯನ್ ಹಳೆಯ ಮಾಡ್ಯೂಲಿಗೆ ಸ್ಕ್ಯಾನರ್ ಸಿಕ್ಕಿಸಿ ಪರದೆ ನೋಡಿದ. ಇನ್ನೊಂದು ಕೀ ಎಲ್ಲಿ ಎಂದು ಕೇಳಿದ. ಇರುವುದೇ ಎರಡು ಎಂದಳು.

"ಇಲ್ಲ ಮೇಡಂ, ಮೂರು ರಿಜಿಸ್ಟರ್ ಆಗಿದೆ. ಎಲ್ಲಾ ಒಟ್ಟಿಗೆ ತಂದ್ಬಿಡಿ. ಈಗ ತರದೇ ಇರೋ ಕೀ ಇನ್ಮೇಲೆ ಕೆಲಸ ಮಾಡಲ್ಲ."

ಷೋರೂಮಿನಿಂದ ಹೊಸದಾಗಿ ಕಾರು ತಂದವಳೇ ಆಕೆ. ಸರ್ವಿಸಿಗೆ ಬಿಟ್ಟು ತರುತ್ತಿದ್ದವನು ಗಂಡ. ಬೇಡದ ಯೋಚನೆಯೊಂದು ಬಂತು. ಗಂಡನಿಗೆ ಫೋನ್ ಮಾಡಿ, ಎಲ್ಲ ಕೀಗಳೂ ಬೇಕಂತೆ, ತರದೇ ಇದ್ದದ್ದು ಸತ್ತ ಹಾಗಂತೆ ಎಂದಷ್ಟೇ ಹೇಳಿದಳು. ಎರಡೂ ನಿನ್ನ ಹತ್ತಿರವೇ ಇವೆಯಲ್ಲ ಎಂದ. ಹೋದ ಜೀವ ಬಂದಂತಾಯಿತು. ಛೇ, ಎಂಥವನ ಮೇಲೆ ಅನುಮಾನಪಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

ಆದರೆ ಏನೇ ಆದರೂ ಅಂಗಡಿ ಬಿಟ್ಟು ಅಲುಗಾಡದ ಆ ಮನುಷ್ಯ ಸ್ವಲ್ಪ ಹೊತ್ತಿಗೇ ಸ್ಕೂಟರಿನಲ್ಲಿ ಬಂದಿಳಿದ. ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದನಂತೆ.

"ಬಂತಾ ಸಾರ್, ಮೂರನೇ ಕೀ?"

ಎಲೆಕ್ಟ್ರಿಷಿಯನ್ ಕೇಳಿದ್ದೇ ತಡ, ಗಂಡನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಯಾವ ಕೀ ಎಂದು ಬಾಯಿ ಕೇಳಿದ್ದು ಆಮೇಲೆ.

"ತೆಗೀರಿ," ಎಂದಳು.

ತೆಗೆದ. ಇಂಗು ತಿಂದ ಮಂಗನ ಮುಖ. "ನಿನ್ನ ಒಳ್ಳೇದಕ್ಕೇ ಕಣೆ. ಹೊತ್ತಿಲ್ಲ ಗೊತ್ತಿಲ್ಲ ಅಲೀತಿದ್ದೆ. ಕಣ್ಣೆದುರಿಗೆ ಇರ್ಲಿ ಅಂತ ಮಾಡ್ದೆ. ಒಂದು ಕ್ಯಾಮೆರಾನೂ ಮಾರಿಲ್ಲ, ಅಂಗಡಿ ಅಟ್ಟದ ಮೇಲೆ ಹಾಗೇ ಇಟ್ಟಿದೀನಿ."

ಮಾರಿಲ್ಲವಂತೆ! ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿದ. ದುಡ್ಡಿನ ತಾಪತ್ರಯಕ್ಕೆ ಕದ್ದಿದ್ದರೆ ಆಕೆ ನುಂಗಿಕೊಳ್ಳುತ್ತಿದ್ದಳೇನೋ. ಅದೇ ಅಟ್ಟದ ಕೆಳಗೆ ದಿನವಿಡೀ ಕೂತು ಬಣ್ಣದ ಡಬ್ಬಿ ಮಾರಿದ್ದಳು. ಕದ್ದವನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದ, ಆಕೆ ಅದಕ್ಕೆ ಕೃತಜ್ಞಳಾಗಿ ಬದುಕಿದ್ದಳು.

"ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣ್ರೀ. ನೀವು ಪಕ್ಕದಲ್ಲೇ ಕೂತು ನೋಡ್ತಿದ್ರಿ."

ಎರಡೇ ಕೀ ಸೇರಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿದಳು. ಕೆಲಸ ಮುಗಿಯುವವರೆಗೂ ಗಂಡನತ್ತ ತಿರುಗಲಿಲ್ಲ. ಮುಗಿದ ಮೇಲೆ ಕಾರು ಹತ್ತಿ ಒಳಗಿನಿಂದ ಲಾಕ್ ಮಾಡಿಕೊಂಡಳು. ಅಂಗಡಿಗೆ ಹೋಗಿ ಅಟ್ಟಕ್ಕೆ ಏಣಿ ಹಾಕುವುದಿತ್ತು.

ಗಂಡ ಓಡಿಬಂದು ಬಾಗಿಲಿನ ಹಿಡಿ ಎಳೆದ. ತೆರೆಯಲಿಲ್ಲ. ಆಮೇಲೆ, ಗಾಜಿನಾಚೆಯಿಂದ ಆಕೆ ನೋಡುತ್ತಿರುವಂತೆಯೇ, ಆ ಮೂರನೇ ಕೀಯನ್ನು ಕಾರಿನ ಕಡೆ ಹಿಡಿದು ಗುಂಡಿ ಒತ್ತಿದ. ಮತ್ತೆ ಒತ್ತಿದ.

ಆಕೆ ಗಾಡಿ ತೆಗೆದಳು.