ಊರಿದ ಮೊಣಕಾಲು

"ಹೆಣ್ಮಕ್ಳು ಈ ಹೊಸಿಲು ದಾಟಂಗಿಲ್ಲ ಕಣವ್ವ. ಅಷ್ಟು ಆಸೆ ಇದ್ರೆ ಎಲ್ಲಾದ್ರೂ ನಾಕು ಜನದ ಮುಂದೆ ಒಂದು ಕುಸ್ತಿ ಗೆದ್ಕಂಡು ಬಾ, ಆಮೇಲೆ ಮಾತಾಡುವಂತೆ."

ಹಿತಾ ಅರಬ್ ದೇಶದ ಅಲ್ ಐನಿಗೆ ಓದಲು ಹೊರಡುವ ಹಿಂದಿನ ದಿನ ಅವಳ ಅಪ್ಪ ಚಾಮರಾಜ ಪೈಲ್ವಾನರು ಹೇಳಿದ ಮಾತಿದು. ಮಗಳು ಗೆಲ್ಲಲಿ ಎಂದು ಹೇಳಿದ್ದಲ್ಲ, ಬಾಯಿ ಮುಚ್ಚಲಿ ಎಂದು ಹೇಳಿದ್ದು. ಮೈಸೂರಿನ ಅವರ ಗರಡಿಯ ಕೆಮ್ಮಣ್ಣಿಗೆ ಮೂವತ್ತು ವರ್ಷದಿಂದ ಮಜ್ಜಿಗೆ, ಅರಿಶಿನ, ತುಪ್ಪ ಹೊತ್ತು ತರುತ್ತಿದ್ದವಳು ಅಮ್ಮ ಕಾಂತಮ್ಮ. ಅದೂ ಹೊಸಿಲವರೆಗೆ. ಒಳಗಿಂದ ಒಂದು ಕೈ ಬಂದು ಪಾತ್ರೆ ಇಸಿದುಕೊಳ್ಳುತ್ತಿತ್ತು. ಅಮ್ಮನ ಮಜ್ಜಿಗೆ ಆ ಮಣ್ಣಿಗೆ ಆಗುತ್ತಿತ್ತು, ಅಮ್ಮನ ಪಾದ ಆಗುತ್ತಿರಲಿಲ್ಲ. ಅಣ್ಣ ರಘುನಂದನನಿಗೆ ಹತ್ತು ಬಸ್ಕಿ ಹೊಡೆದರೆ ಏದುಸಿರು. ಆದರೂ ನಾಳೆ ಗರಡಿ ಅವನದೇ. ಹಿತಾ ಕಲಿತದ್ದೆಲ್ಲ ಹಿಂದಿನ ಕಿಟಕಿಗೆ ಕಣ್ಣಿಟ್ಟು, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಸುತ್ತಿಟ್ಟ ಹಾಸಿಗೆಯ ಜೊತೆ ಸೆಣಸಿ.

ಆದ್ದರಿಂದ, ಪಕ್ಕದ ದೊಡ್ಡ ನಗರದ ಅಲ್ ಬರ್ಷಾ ಬಡಾವಣೆಯ ಒಂದು ಸಭಾಂಗಣದಲ್ಲಿ ವಿದ್ಯಾರ್ಥಿಗಳಿಗೆ ಸುಮೋ ಪಂದ್ಯ, ಹುಡುಗಿಯರಿಗೂ ಉಂಟು ಎಂದು ಸಹಪಾಠಿ ಮರ್ವಾ ಹೇಳಿದಾಗ ಹಿತಾ ಎರಡನೇ ಮಾತಾಡಲಿಲ್ಲ. ಶುಕ್ರವಾರವೇ ಅದೇ ನಗರದ ಕರಾಮದಲ್ಲಿದ್ದ ಮರ್ವಾಳ ಮನೆಗೆ ಬಂದಿಳಿದಳು. ಶನಿವಾರ ಬೆಳಗಾಗುತ್ತಲೇ ಮರ್ವಾಳ ಅಮ್ಮ, ಭಟ್ಕಳದ ಸಫಿಯ್ಯ, ಹಿಂದಿನ ದಿನದ ಶಾವಿಗೆ ಬಿರಿಯಾನಿಯನ್ನು ಬಿಸಿ ಮಾಡಿ ತಟ್ಟೆ ತುಂಬ ಬಡಿಸಿದರು.

"ಇಷ್ಟೇ ತಿಂದ್ರೆ ಹೇಗೆ ಮಗಳೇ? ಟೀವಿಯಲ್ಲಿ ಆ ಜನರನ್ನ ನೋಡಿಲ್ವಾ, ಬಾಗಿಲಲ್ಲಿ ಹಿಡಿಯುವುದಿಲ್ಲ!"

"ಅಮ್ಮಾ, ಇವಳು ಅರವತ್ತು ಕೆಜಿಯವರ ಗುಂಪಲ್ಲಿ. ಇನ್ನೊಂದು ಸೌಟು ಹಾಕಿದ್ರೆ ಗುಂಪೇ ಬದಲಾಗ್ತದೆ," ಎಂದು ಮರ್ವಾ ತಟ್ಟೆ ಎಳೆದುಕೊಂಡಳು. "ಯಲ್ಲಾ, ಹೊರಡುವಾ, ಏಳು."

ಅಲ್ ಬರ್ಷಾದಲ್ಲಿ ಚಿರಂತನ್ ಕಾಯುತ್ತಿದ್ದ. ಬೆಂಗಳೂರಿನವರ ಮಗ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಇವರ ತರಗತಿಯವನೇ. ನಿಯಮವನ್ನೆಲ್ಲ ಫೋನಿನಲ್ಲಿ ಓದಿಕೊಂಡು ಬಂದಿದ್ದ. "ಸಿಂಪಲ್, ಹಿತಾ. ಹಗ್ಗದ ಸರ್ಕಲ್ ದಾಟ್ಬಾರ್ದು. ಶುರುವಾದ್ಮೇಲೆ ಪಾದ ಬಿಟ್ಟು ಬೇರೆ ಏನೂ ನೆಲಕ್ಕೆ ಟಚ್ ಆಗ್ಬಾರ್ದು. ಕೈ, ಮೊಣಕಾಲು, ಬೆರಳು, ಏನೂ. ಮೊದ್ಲು ಟಚ್ ಆದವ್ರು ಔಟ್. ಓಕೆ?"

"ಗೊತ್ತು ಕಣೋ, ಹತ್ತು ಸಲ ಹೇಳ್ದೆ."

ಗೊತ್ತಿತ್ತು. ತಲೆಗೆ ಗೊತ್ತಿತ್ತು.

ಒಳಗೆ ಮಣ್ಣಿರಲಿಲ್ಲ, ನೀಲಿ ಮ್ಯಾಟು, ಅದರ ಮೇಲೆ ಬಿಳಿ ಹಗ್ಗದ ಸುತ್ತು. ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ ಬಿಗಿದು ಒಳಗೆ ಕಾಲಿಡುವಾಗ ಗರಡಿಯವರನ್ನು ನೋಡಿ ನೋಡಿ ಆದ ಅಭ್ಯಾಸದಿಂದ ಹಿತಾ ಬಗ್ಗಿ ಮ್ಯಾಟು ಮುಟ್ಟಿ ಹಣೆಗೊತ್ತಿಕೊಂಡಳು. ಯಾರೂ ತಡೆಯಲಿಲ್ಲ. ಒಂದು ಹೊಸಿಲು ಇಷ್ಟು ಸಲೀಸಾಗಿ ದಾಟಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಎದುರಾಳಿ ಈಜಿಪ್ಟಿನ ಹುಡುಗಿ. ನಗುಮುಖ, ಅಗಲ ಭುಜ. ಸೋತವರು ಅಲ್ಲಿಗೇ ಮನೆಗೆ. ರೆಫರಿ ಕೂಗಿದ್ದೇ ತಡ, ಆ ಹುಡುಗಿ ಗೂಳಿಯ ಹಾಗೆ ನುಗ್ಗಿ ಹಿತಾಳನ್ನು ಹಗ್ಗದಂಚಿಗೆ ಒತ್ತಿದಳು. ಹಿಮ್ಮಡಿಗೆ ಹಗ್ಗ ತಾಗಿತು. ಇನ್ನೊಂದಂಗುಲ ಸರಿದರೆ ಎಲ್ಲ ಮುಗಿಯಿತು ಎನ್ನುವಾಗ ಕಿಟಕಿಯಲ್ಲಿ ಸಾವಿರ ಸಲ ನೋಡಿದ್ದು ಮೈಗೆ ನೆನಪಾಯಿತು. ಸರ್ರನೆ ಕುಸಿದು, ಎಡ ಮೊಣಕಾಲು ಊರಿ, ಎದುರಾಳಿಯ ತೊಡೆಗೆ ತೋಳು ಸುತ್ತಿ, ಭುಜಕ್ಕೆತ್ತಿ ಒಗೆದಳು. ಈಜಿಪ್ಟಿನ ಹುಡುಗಿ ಅಂಗಾತ ಬಿದ್ದಳು. ಬೆನ್ನು ಪೂರ್ತಿ ನೆಲಕ್ಕೆ. ಗರಡಿಯಲ್ಲಾಗಿದ್ದರೆ ಇಷ್ಟರಲ್ಲಿ ಹಲಗೆ ಬಾರಿಸಿ ಹೆಗಲ ಮೇಲೆ ಹೊತ್ತಿರುತ್ತಿದ್ದರು.

"ಗೆದ್ಲು! ಹಿತಾ ಗೆದ್ಲು!" ವೀಡಿಯೊ ಮಾಡುತ್ತಿದ್ದ ಮರ್ವಾ ಹಾರಿದ ರಭಸಕ್ಕೆ ಫೋನು ಕೈಜಾರಿ ಕುರ್ಚಿಯ ಕೆಳಗೆ ಬಿತ್ತು.

ರೆಫರಿಯ ಕೈ ಎದ್ದದ್ದು ಈಜಿಪ್ಟಿನ ಹುಡುಗಿಯ ಕಡೆಗೆ.

ಹಿತಾ ತನ್ನ ಮೊಣಕಾಲು ನೋಡಿಕೊಂಡಳು. ಇನ್ನೂ ಊರಿಯೇ ಇತ್ತು. ಬೆನ್ನಿಗೆ ಮಣ್ಣು ಹತ್ತುವವರೆಗೆ ಸೋಲಿಲ್ಲ ಎಂದು ಹೇಳಿಕೊಟ್ಟ ಗರಡಿಯಲ್ಲಿ ಮೊಣಕಾಲನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಮಧ್ಯಾಹ್ನದ ಮೇಲೆ ಜಪಾನಿನಿಂದ ಬಂದ ದೈತ್ಯರ ಪ್ರದರ್ಶನ. ಟಿಕೆಟ್ ಮೊದಲೇ ತೆಗೆದಾಗಿತ್ತು, ಮೂವರೂ ಕೂತರು. ಜನ ಶಿಳ್ಳೆ ಹಾಕುತ್ತಿದ್ದರು. ಹಿತಾ ಮರ್ವಾಳ ವೀಡಿಯೊವನ್ನು ಏಳನೇ ಸಲ ನೋಡುತ್ತಿದ್ದಳು. ಅದರಲ್ಲಿ ಎತ್ತಿ ಒಗೆದದ್ದಿತ್ತು, ಅಂಗಾತ ಬಿದ್ದದ್ದಿತ್ತು, "ಗೆದ್ಲು" ಎಂಬ ಕೂಗಿತ್ತು. ರೆಫರಿಯ ಕೈ ಇರಲಿಲ್ಲ.

ಅಪ್ಪನಿಗೆ ಕಳಿಸಿದಳು.

"ಬಟ್ ಯು ಲಾಸ್ಟ್," ಎಂದ ಚಿರಂತನ್, ಮೆಲ್ಲಗೆ.

"ನಿಂಗ್ಯಾಕೆ? ಪಾಪ್‌ಕಾರ್ನ್ ತಿನ್ನು," ಎಂದಳು ಮರ್ವಾ.

ಹತ್ತು ನಿಮಿಷಕ್ಕೆ ಫೋನು ಬಂತು. ಹಿತಾ ಎದ್ದು ಬಾಗಿಲಾಚೆ ಓಡಿದಳು. ಊರಿನ ಗರಡಿಯಲ್ಲಿ ಅದು ಸಂಜೆಯ ಸಾಮಿನ ಹೊತ್ತು. ಅಪ್ಪನ ಹಿಂದೆ ಹತ್ತಾರು ದನಿಗಳು.

"ಗೆದ್ಯೇನವ್ವ?"

"ಹೂಂ ಅಪ್ಪಾಜಿ."

"ಪಟ್ಟು ಶುದ್ಧವಾಗೇ ಅದೆ. ಎಲ್ಲಿ ಕಲ್ತೆ?"

"ಕಿಟಕೀಲಿ."

ಅಪ್ಪ ನಕ್ಕರು. ಆ ನಗುವಿನಲ್ಲಿ ಹೆಮ್ಮೆ ಇತ್ತು. ಹಿತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅಪ್ಪ ಅತ್ತ ತಿರುಗಿ, "ನೋಡ್ರಲಾ, ನಮ್ ಗರಡಿ ಗಾಳಿ ಕುಡ್ದ ಹೆಣ್ಣೇ ಹಿಂಗೆ ಅಂದ್ರೆ ಗಂಡು ಹೆಂಗಿರಬೇಕು! ರಘು, ನೋಡ್ಕಳಲಾ," ಎಂದು ಕೂಗಿದ್ದು ಕೇಳಿಸಿತು.

"ಅಪ್ಪಾಜಿ, ಜುಲೈಗೆ ಬರ್ತೀನಿ. ಒಳಗೆ ಬರ್ಲಾ?"

"ಎಲ್ಲಿಗೆ?"

"ಗರಡಿಗೆ. ಗೆದ್ದು ಬಾ ಅಂದಿದ್ರಿ."

"ಅಯ್, ಬಿದ್ದೋಳೂ ಹೆಂಗ್ಸೇ ತಾನೇ ಮಗ? ಹೆಣ್ಣನ್ನ ಹೆಣ್ಣು ಕೆಡವಿದ್ರೆ ಅದನ್ನ ಗೆಲುವು ಅಂತಾರಾ? ಅದೂ ಮಣ್ಣಿಲ್ಲ, ಮಸಿಯಿಲ್ಲ, ಹಾಸಿಗೆ ಮೇಲೆ. ಇರು, ನಿಮ್ಮವ್ವ ಬಾಗಿಲಾಗೆ ನಿಂತವ್ಳೆ, ಕೊಡ್ತೀನಿ."

ಅಮ್ಮ ಫೋನು ತೆಗೆದುಕೊಂಡಳು. "ಗೆದ್ಯಂತೆ ಕಣೇ! ನಾನೂ ನೋಡ್ದೆ, ಇಲ್ಲೇ ಹೊಸಿಲಾಚೆ ನಿಂತು. ನಿಜವಾಗ್ಲೂ ಗೆದ್ಯಾ ಮಗಳೇ?"

ಅಪ್ಪನಿಗೆ ಸುಳ್ಳು ಹೇಳುವುದು ಸುಲಭವಾಗಿತ್ತು. ಈಗ ಗೋಡೆಗೆ ಮುಖ ಮಾಡಿ ನಿಂತು, "ಹೂಂ ಅಮ್ಮ," ಎಂದಳು.

ಒಳಗೆ ಬಂದು ಕೂತಾಗ ಮರ್ವಾ ಕಣ್ಣಲ್ಲೇ ಕೇಳಿದಳು.

"ಬಿದ್ದೋಳು ಹುಡುಗಿ ಅಂತೆ. ಲೆಕ್ಕಕ್ಕಿಲ್ವಂತೆ."

"ಹೇಳಿದ್ದು ಹೇಳ್ದೆ, ದೊಡ್ಡ ಸುಳ್ಳೇ ಹೇಳ್ಬೇಕಿತ್ತು. ಗಂಡಸನ್ನ ಎತ್ತಿ ಒಗೆದೆ ಅಂತ!"

"ಆಗ ಅವನು ಬೇಕಂತ್ಲೇ ಬಿದ್ದ ಅಂತಿದ್ರು," ಎಂದಳು ಹಿತಾ.

ಎರಡು ಸಾಲು ಮುಂದೆ ಕೂತಿದ್ದ ಈಜಿಪ್ಟಿನ ಹುಡುಗಿ ಹಿಂತಿರುಗಿ, ಕೊರಳ ಪದಕ ಎತ್ತಿ ತೋರಿಸಿ, ನಕ್ಕು ಕೈಬೀಸಿದಳು. ಹಿತಾಳಿಗೆ ಅವಳ ಮುಖ ನೋಡಲಾಗಲಿಲ್ಲ. ಮ್ಯಾಟಿಗೆ ಉಜ್ಜಿ ಕಿತ್ತುಹೋದ ಮೊಣಕಾಲಿನ ಚರ್ಮ ಉರಿಯುತ್ತಿತ್ತು. ಅದರ ಮೇಲೆ ಅಂಗೈ ಒತ್ತಿಕೊಂಡು, ಆಟ ಮುಗಿಯುವವರೆಗೂ ಬಗ್ಗಿಯೇ ಕೂತಳು.