ಬಿದ್ದ ಮರದ ಪೆಟ್ಟಿಗೆ

“ಮಗ್ಗುಲು ಹೊರಳ್ಸಿ ಅವನನ್ನ. ಬೆನ್ನಿಗೂ ನೀರು ಬೀಳ್ಲಿ” ಎನ್ನುತ್ತಾ ಶಾಂತಕ್ಕ ತಂಬಿಗೆ ಎತ್ತಿದಳು.

ಅಂಗಳದ ಹಲಗೆಯ ಮೇಲೆ ಮಲಗಿಸಿದ್ದ ಅವಳ ಹಿರಿಮಗ ಪರಮೇಶ್ವರನ ಹೆಣವನ್ನು ಇಬ್ಬರು ಹೊರಳಿಸಿದರು. ಎತ್ತಿದ ತಂಬಿಗೆ ಎತ್ತಿದಲ್ಲೇ ನಿಂತಿತು. ಬೆನ್ನಿನ ತುಂಬ ಬಾಸುಂಡೆ. ಎಡಪಕ್ಕೆ ಕಪ್ಪಾಗಿ ಒಳಕ್ಕೆ ಕುಸಿದಿತ್ತು.

“ಅಟ್ಟದಿಂದ ಬಿದ್ದವನಿಗೆ ಬಾಸುಂಡೆ ಬರ್ತದೇನೋ?”

“ಏಣಿ ಮೆಟ್ಟಿಲು ತಾಗಿದ್ದು ಅವ್ವ. ಈಗ ಅದೆಲ್ಲ ಎಂತಕ್ಕೆ?” ಕಿರಿಮಗ ಪ್ರದೀಪ ಅವಳ ಕೈಯಿಂದ ತಂಬಿಗೆ ಕಿತ್ತುಕೊಂಡು ತಾನೇ ದಬದಬ ಸುರಿದ. “ಹೊತ್ತು ಏರ್ತಾ ಇದೆ ದೇವಪ್ಪಣ್ಣ. ಬೇಗ ಬೇಗ ಆಗ್ಲಿ.”

ಸಾವಿನ ಕೆಲಸಕ್ಕೆಲ್ಲ ಊರಿಗೆ ಹಿರಿಯನಾದ ದೇವಪ್ಪ ತಲೆಯಾಡಿಸಿದ. ಬಾಸುಂಡೆ ಅವನಿಗೂ ಕಂಡಿತ್ತು. ಆದರೆ ಪ್ರದೀಪನ ಎದುರು ಬಾಯಿ ತೆಗೆಯುವ ಗಂಡಸು ಮೇಗುಂದದಲ್ಲಿ ಇನ್ನೂ ಹುಟ್ಟಿರಲಿಲ್ಲ. ಕೈಯಲ್ಲಿ ಮಾತಾಡುವ ಜಾತಿಯವನು ಅವನು. ಎಂಟನೇ ಕ್ಲಾಸಿನಲ್ಲೇ ಮೇಷ್ಟರ ಮೂಗು ಒಡೆದವನು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಶಾಂತಕ್ಕ ಅವತ್ತು ಬೈದದ್ದು ಮೇಷ್ಟರನ್ನು!

ಅಟ್ಟದ ಮಾತನ್ನೂ ಅವಳು ಹಾಗೇ ನಂಬಿದ್ದಳು. ಪರಮೇಶ್ವರನೇ ಹಾಗೆ ಹೇಳಿದ್ದ. ರಕ್ತ ಕಾರುತ್ತಾ ಮಲಗಿದ್ದರೂ ಕೊಪ್ಪದ ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದ. “ಅಟ್ಟದಿಂದ ಬಿದ್ದೆ ಅವ್ವ, ಕಷಾಯ ಕೊಡು, ಸರಿ ಆಗ್ತದೆ” ಎಂದಿದ್ದ. ಕಷಾಯ ಕೊಟ್ಟಳು. ಇವತ್ತು ಬೆಳಗಿನ ಜಾವ ಉಸಿರು ನಿಂತಿತು.

ಚಟ್ಟ ಎದ್ದಿತು. ಬೆಂಕಿಯ ಮಡಕೆ ಹಿಡಿದು ಪ್ರದೀಪ ಮುಂದೆ ನಡೆದ. ಪರಮೇಶ್ವರನಿಗೆ ಮಕ್ಕಳಿರಲಿಲ್ಲ, ತಮ್ಮನೇ ಕೊಳ್ಳಿ ಇಡಬೇಕು. ಹೆಂಗಸರು ಗದ್ದೆಯಂಚಿನವರೆಗೆ ಹೋಗಿ ನಿಂತರು. ಅದರಾಚೆ ಅವರು ಹೋಗುವ ಪದ್ಧತಿಯಿಲ್ಲ.

*

ಪರಮೇಶ್ವರ ಮಾಡುತ್ತಿದ್ದದ್ದು ಎಂತ ಕೆಲಸ ಅಂತ ಊರಿಗೆ ಕೊನೆಗೂ ಪೂರ್ತಿ ಅರ್ಥವಾಗಲಿಲ್ಲ. ಮನೆ ಪಕ್ಕದ ಶೆಡ್ಡಿನಲ್ಲಿ ಕೂತು ಮರದ ಪೆಟ್ಟಿಗೆ ಮಾಡುತ್ತಿದ್ದ, ಊಟದ ತಟ್ಟೆಯಷ್ಟು ಅಗಲದ್ದು. ಮೇಲೆ ತಿರುಗಿಸುವ ಬಿರಡೆಗಳು, ರಬ್ಬರಿನ ಚೌಕ ಗುಂಡಿಗಳು. ಒಳಗಿನ ವೈರು, ಬೆಸುಗೆ ಹೆಂಡತಿ ರೇಖಾಳದ್ದು. ಕಂಪ್ಯೂಟರಿಗೆ ಸಿಕ್ಕಿಸಿ ಗುಂಡಿ ಬಡಿದರೆ ಚಂಡೆ ಬೇಕಾದರೆ ಚಂಡೆ, ಪಿಟೀಲು ಬೇಕಾದರೆ ಪಿಟೀಲು! ಒಂದು ಸಲಕ್ಕೆ ಹತ್ತೇ ಪೆಟ್ಟಿಗೆ. ಅವು ಕೊಪ್ಪದಿಂದ ಪಾರ್ಸೆಲ್ ಆಗಿ ಯಾವುಯಾವುದೋ ಊರಿನ ಸಂಗೀತದವರಿಗೆ ಹೋಗುತ್ತಿದ್ದವು.

ರಬ್ಬರು ನರಸಿಂಹರಾಜಪುರದ ಕಡೆಯ ತೋಟದ್ದು. ಮರ ಮಾತ್ರ ತಾನಾಗಿ ಬಿದ್ದದ್ದೇ ಆಗಬೇಕು. ಗಾಳಿಗೆ ಉರುಳಿದ ಹಲಸು, ತೋಟದವರು ಕಿತ್ತೆಸೆದ ಮುದಿ ಕಾಫಿ ಗಿಡದ ಬೊಡ್ಡೆ, ಇಂಥದ್ದು. ತಂದದ್ದನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸುತ್ತಿದ್ದ.

“ಮರ ಯಾವಾಗ ಬೀಳ್ತದೆ ಅಂತ ಬಾಯಿ ಕಳ್ಕೊಂಡು ಕೂತಿರು ಮಾರಾಯ” ಎಂದು ಶಾಂತಕ್ಕ ಛೇಡಿಸುತ್ತಿದ್ದಳು.

“ನಿಂತ ಮರ ಕಡಿದು ಅದ್ರಿಂದ ಸಂಗೀತ ಹೊರಡಿಸ್ಬೇಕಾ ಅವ್ವ?” ಎಂದು ಅವನು ಎರಡೇ ಬೆರಳಿನಲ್ಲಿ ಗುಂಡಿ ಬಡಿಯುತ್ತಿದ್ದ. ಒಂದೊಂದು ಪೆಟ್ಟಿಗೆಯನ್ನೂ ಹಾಗೆ ಅರ್ಧ ದಿನ ಬಡಿದು ನೋಡದೆ ಕಳಿಸಿದವನಲ್ಲ. ಅವನ ಕೈ ಇನ್ನೊಂದು ಜೀವದ ಮೇಲೆ ಎದ್ದದ್ದನ್ನು ಅವಳು ಕಂಡಿರಲಿಲ್ಲ.

*

ಹೆಂಗಸರು ಜಗಲಿ ತೊಳೆಯುತ್ತಿದ್ದಾಗ ರೇಣುಕಪ್ಪ ಗದ್ದೆ ಹಾರಿಕೊಂಡು ಓಡಿಬಂದ. ಚಿತೆ ಒಟ್ಟುವುದಕ್ಕೆ ಹೋಗಿದ್ದ ಆಳು. ತುಟಿ ಸೀಳಿ ಗಲ್ಲದವರೆಗೂ ರಕ್ತ ಇಳಿದಿತ್ತು.

“ಶಾಂತಕ್ಕ, ಪ್ರದೀಪ ಸೌದೆಯ ಅಡಿಗೆ ಬೀಟೆ ಇಟ್ಟಿದಾನೆ! ತೊಲೆ ತೊಲೆ ಬೀಟೆ. ಯಾಕೆ ಅಂತ ಕೇಳಿದ್ದಕ್ಕೆ ಹೀಗೆ ಹೊಡೆದ.”

ಸಾವಿಗೆ ಮಾವಿನ ಮರ ಕಡಿಯುವುದು ಊರಿನ ರೂಢಿ. ಪ್ರದೀಪ ಅದಕ್ಕೆ ಬಿಟ್ಟಿರಲಿಲ್ಲ. ‘ಅಣ್ಣನಿಗೆ ಸೌದೆ ನನ್ನ ಮಿಲ್ಲಿಂದ’ ಎಂದು ಜಯಪುರದ ರಸ್ತೆಯ ತನ್ನ ಮರದ ಮಿಲ್ಲಿಂದ ತಾನೇ ಹೇರಿಕೊಂಡು ಬಂದಿದ್ದ. ಎಂಥ ತಮ್ಮ ಅಂತ ನೆಂಟರೆಲ್ಲ ಕಣ್ಣೊರೆಸಿಕೊಂಡಿದ್ದರು. ಕಾಡಿಂದ ಕದ್ದ ಬೀಟೆ ಹುಡುಕುತ್ತಾ ಫಾರೆಸ್ಟಿನವರು ಮಿಲ್ಲಿನ ಸುತ್ತ ಓಡಾಡುತ್ತಿರುವುದು ಆಗ ಯಾರಿಗೂ ನೆನಪಾಗಲಿಲ್ಲ.

ರೇಖಾ ಪೊರಕೆ ಎಸೆದು ಎದ್ದು ನಿಂತಳು.

“ಅದೇ ಬೀಟೆ ಅತ್ತೆ. ಅದಕ್ಕೇ ಇವರನ್ನ ಕೊಂದಿದ್ದು.”

“ಯಾರೇ?” ಎಂದಳು ಶಾಂತಕ್ಕ. ಯಾರೆಂದು ಬೆನ್ನು ನೋಡಿದಾಗಲೇ ಅವಳ ಹೊಟ್ಟೆಗೆ ಗೊತ್ತಾಗಿತ್ತು.

*

ನೀವು ಹರಕೆಗೆ ಶೃಂಗೇರಿಗೆ ಹೋಗಿದ್ದ ದಿನ ಅತ್ತೆ, ಎಂದು ರೇಖಾ ಹೇಳಿದಳು. ಪ್ರದೀಪ ಜೀಪು ತಂದು ಶೆಡ್ಡಿನ ಬಾಗಿಲಿಗೆ ನಿಲ್ಲಿಸಿದ್ದ. ಬೀಟೆಯನ್ನು ಒಂದು ವಾರ ಒಳಗೆ ಬಚ್ಚಿಡು, ಬೇಕಾದರೆ ನಿನ್ನ ಪೆಟ್ಟಿಗೆಗೂ ಕೊಯ್ದುಕೋ ಎಂದ. ಪರಮೇಶ್ವರ ಬಾಗಿಲಿಗೆ ಅಡ್ಡ ನಿಂತ. ಕಡಿದ ಮರ ಈ ಹೊಸ್ತಿಲು ದಾಟಬಾರದು, ನಾಳೆ ನಾನೇ ರೇಂಜರಿಗೆ ಹೇಳುತ್ತೇನೆ ಎಂದ.

ಪ್ರದೀಪ ತೊಲೆ ಉರುಳಿಸುವ ದೊಣ್ಣೆ ಎತ್ತಿಕೊಂಡ. ಮೊದಲು ಮೇಜಿನ ಮೇಲಿದ್ದ ಪೆಟ್ಟಿಗೆಗಳನ್ನು ಒಡೆದ. ಗುಂಡಿ, ಬಿರಡೆ, ತಂತಿ ಎಲ್ಲ ನೆಲದ ತುಂಬ ಚೆಲ್ಲಿದವು. ಉಳಿದ ಪೆಟ್ಟಿಗೆಗಳ ಮೇಲೆ ಪರಮೇಶ್ವರ ಬೋರಲು ಬಿದ್ದು ಅವುಚಿಕೊಂಡ. ಆಮೇಲಿನ ಏಟೆಲ್ಲ ಅವನ ಬೆನ್ನಿಗೆ. ಪಕ್ಕೆ ಮುರಿದ ಸದ್ದು ರೇಖಾಳ ಕಿವಿಗೇ ಕೇಳಿಸಿತು. ಕಾಲು ಹಿಡಿದು ಬೇಡಿದವಳಿಗೂ ಹೊಟ್ಟೆಗೆ ಒದೆ ಬಿತ್ತು.

“ಆಣೆ ಹಾಕಿಸ್ಕೊಂಡ್ರು ಅತ್ತೆ. ಅವ್ವನಿಗೆ ಹೇಳ್ಬೇಡ, ನಾನು ಹೋದ್ರೂ ಅವಳಿಗೆ ಅವನೊಬ್ಬನಾದ್ರೂ ಇರ್ಲಿ ಅಂದ್ರು.”

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಗಾದೆ ಶಾಂತಕ್ಕನೂ ಬಲ್ಲಳು. ಹೆತ್ತವಳು ಯಾರ ಕಡೆ ಅಂತ ಆ ಗಾದೆ ಹೇಳುವುದಿಲ್ಲ, ಹಾಳಾಗಿ ಹೋಗಲಿ! ಅಣ್ಣನನ್ನು ಕೊಂದದ್ದೂ ಅಲ್ಲದೆ, ಅವನ ಹೆಣದ ಕಾವಿನಲ್ಲೇ ಕಳ್ಳಮಾಲು ಸುಟ್ಟು ಬೂದಿ ಮಾಡಲು ಹೊರಟಿದ್ದಾನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗದ್ದೆಗೆ ಇಳಿದಳು.

*

ಚಿತೆಯ ಮೇಲೆ ಪರಮೇಶ್ವರನನ್ನು ಮಲಗಿಸಿಯಾಗಿತ್ತು. ಹೆಂಗಸರ ಹಿಂಡು ಬರುವುದನ್ನು ಕಂಡು ದೇವಪ್ಪ ಕೈ ಅಡ್ಡ ಹಿಡಿದ. “ಶಾಂತಕ್ಕ, ಇಲ್ಲಿಗೆ ಬರಬಾರ್ದು!”

“ಇಳ್ಸು ನನ್ನ ಮಗನನ್ನ” ಎಂದಳು ಶಾಂತಕ್ಕ. “ಕದ್ದ ಮರದ ಮೇಲೆ ಅವನನ್ನ ಸುಡೋ ಹಾಗಿಲ್ಲ.”

ರೇಣುಕಪ್ಪ ಅಡಿಯ ತೊಲೆಗೆ ಕೈ ಹಾಕಿದ. ಪ್ರದೀಪ ಉರಿಯುವ ಕೊಳ್ಳಿಯಿಂದಲೇ ಅವನ ಭುಜಕ್ಕೆ ಬಾರಿಸಿದ. ಅಂಗಿ ಹೊತ್ತಿ ಅವನು ಅಬ್ಬಾ ಎಂದು ನೆಲಕ್ಕೆ ಉರುಳಿದ. ರೇಖಾ ಹಿಂದಿನಿಂದ ಎಗರಿ ಪ್ರದೀಪನ ಮುಂಗೈಗೆ ಬಾಯಿ ಹಾಕಿದಳು. ಅವನು ಕೂದಲು ಹಿಡಿದು ಅವಳನ್ನು ಕಲ್ಲಿನ ಮೇಲೆ ಒಗೆದ. ಗಂಡಸರು ನೋಡುತ್ತಾ ನಿಂತಿದ್ದರು, ಮೊದಲಿನಿಂದಲೂ ನೋಡುತ್ತಾ ನಿಂತವರೇ.

ಶಾಂತಕ್ಕ ಒಂದು ಸೌದೆ ಎತ್ತಿದಳು. ಪ್ರದೀಪನ ಮೇಲೆ ಆವತ್ತಿನವರೆಗೆ ಕೈಯೆತ್ತಿದವಳಲ್ಲ. ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಹುಬ್ಬಿನ ಮೇಲೆ ಬಿತ್ತು. ಪ್ರದೀಪ ಮಂಡಿಯೂರಿದ. ಇನ್ನೊಂದು ಏಟಿಗೆ ಅವಳು ಕೈ ಎತ್ತಿದಾಗ ದೇವಪ್ಪ ಹಿಡಿದುಕೊಂಡ.

“ಸಾಕು ಶಾಂತಕ್ಕ. ಸತ್ತು ಹೋದಾನು.”

“ಹಂಗಾದ್ರೆ ಫಾರೆಸ್ಟಿನವರಿಗೆ ಫೋನ್ ಮಾಡು. ಪೋಲೀಸಿಗೂ ಮಾಡು. ಈಗ್ಲೇ, ನನ್ನೆದುರಿಗೇ ಮಾಡು. ಅವರು ಬಂದು ನೋಡೋವರೆಗೂ ಕೊಳ್ಳಿ ಇಡೋದಿಲ್ಲ.”

ದೇವಪ್ಪ ಪ್ರದೀಪನ ಕಡೆ ಒಮ್ಮೆ ನೋಡಿ, ಎರಡೂ ಕಡೆಗೆ ಫೋನ್ ಮಾಡಿದ. ಅದೊಂದು ಆದ ಮೇಲೆ ಗಂಡಸರಿಗೂ ಕೈಕಾಲು ಬಂತು. ಪರಮೇಶ್ವರನನ್ನು ಇಳಿಸಿ, ಬೀಟೆಯ ತೊಲೆಗಳನ್ನು ಎಳೆದು ಬದಿಗೆ ಹಾಕಿದರು. ರೇಖಾ ನೆತ್ತಿಯ ರಕ್ತ ಒರೆಸಿಕೊಂಡು ಶೆಡ್ಡಿನ ಬೀಗದ ಕೈ ಕೊಟ್ಟಳು. ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಹಲಸಿನ ಹಲಗೆ, ಕಾಫಿ ಬೊಡ್ಡೆ ಎಲ್ಲ ತಲೆಹೊರೆಯಲ್ಲಿ ಬಂದವು. ಒಡೆದ ಪೆಟ್ಟಿಗೆಗಳ ಮರವನ್ನೂ ತಂತಿ ಕಿತ್ತು ತಂದರು. ಅವನು ಬಡಿದು ನೋಡಬೇಕಾಗಿದ್ದ ಮರವೆಲ್ಲ ಅವನ ಅಡಿಗೇ ಹೋಯಿತಲ್ಲ ಎಂದು ರೇಖಾ ಬಿಕ್ಕಿ ಬಿಕ್ಕಿ ಅತ್ತಳು.

ಶಾಂತಕ್ಕ ಬೀಟೆಯ ತೊಲೆಯ ಮೇಲೆ ಹೋಗಿ ಕೂತಳು. ಇನ್ನು ಅದನ್ನು ಯಾರು ಮುಟ್ಟುತ್ತಾರೋ ನೋಡೋಣ ಎನ್ನುವ ಹಾಗೆ ಕೂತಳು.

ಪ್ರದೀಪ ತೆವಳಿಕೊಂಡು ಬಂದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು.

“ಅವ್ವ, ಏಳು ಅವ್ವ. ಇದನ್ನ ಹೊಳೆಗೆ ನೂಕಿ ಬರ್ತೇನೆ. ನಿಂಗೆ ಇನ್ನು ಉಳಿದವ ನಾನೊಬ್ಬನೇ ಅಲ್ವಾ?”

ಅವಳು ಏಳಲಿಲ್ಲ. ಅವನು ಅವಳ ಮಡಿಲಿಗೆ ಮುಖ ಹಾಕಿ ಚಿಕ್ಕ ಮಕ್ಕಳ ಹಾಗೆ ಗೋಳೋ ಎಂದು ಅಳತೊಡಗಿದ. ಅವನ ರಕ್ತ ಅವಳ ಸೀರೆಗೆ ಇಳಿಯಿತು. ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿದಾಗ ಅವನು ಬೆಚ್ಚಿ ತಲೆ ಎತ್ತಲು ನೋಡಿದ. ಆಗಲಿಲ್ಲ. ಶಾಂತಕ್ಕನ ಬಲಗೈ ಅವನ ಕೂದಲು ನೇವರಿಸುತ್ತಲೇ ಇತ್ತು. ಎಡಗೈ ಅವನ ಅಂಗಿಯ ಕಾಲರನ್ನು ಎರಡು ಸುತ್ತು ಸುತ್ತಿ, ಗೆಣ್ಣು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು.